ಆಚೆ ದಂಡೆಯ ಅಂಬಿಗ

ಕಳೆದ ಭಾದ್ರಪದದಲ್ಲಿ, ಚೌತಿಯ ಹಬ್ಬ ಮುಗಿದ ಮೂರನೆಯ ದಿನ, ಮಳೆಯು ಹಿಡಿದುಕೊಂಡು ಬಿಡದಾಯಿತು. ಭೀಮೆಯು ಕೆಂಪಗೆ ತುಂಬಿ ಹರಿಯುತ್ತಿರುವಳೆಂದು ಹೊಳೆಯ ಕಡೆಯಿಂದ ಬಂದವರು ಹೇಳಿಹೋದರು. ಹೊರಗೆ ಕಾಲಿಡುವಂತಿರಲಿಲ್ಲ. ಕಲಬುರಗಿಯಿಂದ ರಜೆಗೆ ಬಂದಿದ್ದ ನನ್ನ ಮೊಮ್ಮಗನು ತನ್ನ ಗಣಕಯಂತ್ರವನ್ನು ನನ್ನ ಮುಂದಿಟ್ಟು, "ಅಜ್ಜಾ, ದೋಣಿಯ ಸಿನೇಮಾ ಒಂದದ, ನೋಡೋಣು" ಎಂದನು. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ದೋಣಿಯೆಂದ ಮೇಲೆ ಒಲ್ಲೆನೆನ್ನಲು ಬಾಯಿ ಬರಲಿಲ್ಲ. ಹಾಗೆ ನೋಡಿದ ಚಿತ್ರವು ನನ್ನ ಒಂದು ಹಳೆಯ ತಪ್ಪನ್ನು ಮೇಲಕ್ಕೆತ್ತಿ ತಂದಿತು. ಅದನ್ನು ಈ ಪತ್ರಿಕೆಯ ವಾಚಕರ ಮುಂದಿಡುವದು ಏತಕ್ಕೆ ಅವಶ್ಯವೆಂಬುದು ಲೇಖನದ ಕೊನೆಗೆ ತಿಳಿದುಬರುವದು.

ಚಿತ್ರದ ಹೆಸರು 'ಮ್ಯಾಡಿಸನ್'. ಅಮೇರಿಕೆಯ ಇಂಡಿಯಾನಾ ಸಂಸ್ಥಾನದಲ್ಲಿ ಓಹಾಯೋ ನದಿಯ ದಂಡೆಯ ಮೇಲೆ ಆ ಹೆಸರಿನ ಸಣ್ಣ ಊರೊಂದಿರುವದು. ವಿಲಿಯಂ ಬಿಂಡ್ಲಿ ಎಂಬವನು ಚಿತ್ರದ ನಿರ್ದೇಶಕನು. 2001ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಲ್ಪಟ್ಟ ಈ ಚಿತ್ರವು ಜನರೆದುರಿಗೆ ಬರುವಷ್ಟರಲ್ಲಿ 2005 ಆಗಿತ್ತು. 1971ರಲ್ಲಿ ಆ ಊರಿನ ದೋಣಿಯೊಂದು ದೇಶದ ದೊಡ್ಡ ಪಂದ್ಯವನ್ನು ಗೆದ್ದ ನಿಜವಾದ ಸಂಗತಿಯೇ ಅದರ ಕಥಾವಸ್ತು. ಇಂಗ್ಲೀಷು ಮಾತು ನನಗೆ ಅರ್ಧವೇ ತಿಳಿಯಿತು. ಉಳಿದರ್ಧವನ್ನು ಮೊಮ್ಮಗನು ತಿಳಿಸಿದನು. ಆದರೆ ದೋಣಿಯು ಓಡುವಾಗ ಯಾರೂ ಏನನ್ನೂ ತಿಳಿಸಬೇಕಾಗಲಿಲ್ಲ.

ಆ ದೋಣಿಗೆ ಹೈಡ್ರೋಪ್ಲೇನ್ ಎಂದು ಹೆಸರು. ನಮ್ಮ ಹರಗೋಲಾಗಲಿ ನಾವೆಯಾಗಲಿ ತನ್ನ ಭಾರದಷ್ಟು ನೀರನ್ನು ಬದಿಗೆ ಸರಿಸಿ ಅದರೊಳಗೆ ಕುಳಿತಿರುವದು. ಮುಂದಕ್ಕೆ ಹೋಗಬೇಕಾದರೆ ನೀರನ್ನು ನೇಗಿಲಿನಂತೆ ಸೀಳಿಕೊಂಡೇ ಹೋಗಬೇಕು; ವೇಗವು ಹೆಚ್ಚಿದಂತೆ ನೀರಿನ ತಡೆಯೂ ಹೆಚ್ಚುವದು. ಹೈಡ್ರೋಪ್ಲೇನಿನ ಅಡಿಯು ಚಪ್ಪಟೆಯಾಗಿದ್ದು, ವೇಗವು ಏರಿದೊಡನೆ ದೋಣಿಯೇ ನೀರಿನಿಂದ ಮೇಲಕ್ಕೆದ್ದುಬಿಡುವದು. ಹುಡುಗರಿದ್ದಾಗ ನಾವು ಹೊಳೆಯಲ್ಲಿ ಹಂಚಿನ ಚೂರನ್ನು ಓರೆಯಾಗಿ ಬೀಸಿ ಒಗೆದರೆ ಅದು ನೀರನ್ನು ಮುಟ್ಟಿ ಮುಟ್ಟಿ ಹಾರಿಹೋಗುತ್ತಿತ್ತಲ್ಲವೆ, ಅದೇ ನ್ಯಾಯ. ಪೂರ್ಣ ವೇಗದಲ್ಲಿ ಆ ದೋಣಿಯು ನೀರಿಗೆ ತಾಗುವದು ಮೂರೇ ಕಡೆಗೆ: ಮುಂದೆ ಎಡಬಲಗಳಲ್ಲಿರುವ ಎರಡು ಹಲಗೆಪಾದಗಳು, ಹಿಂದೆ ಅರ್ಧ ಮುಳುಗಿ ಅರ್ಧ ತೇಲಿ ತಿರುಗುವ ಚಕ್ರ. 1950ರ ಜೂನ್ 26ರಂದು ಸಿಯಾಟಲ್ ನಗರದ ಸರೋವರದಲ್ಲಿ ಸ್ಲೋ-ಮೋ-ಶನ್ ಎಂಬ ದೋಣಿಯು ಗಂಟೆಗೆ 160 ಮೈಲು ಓಡಿ, ಅಲ್ಲಿಯ ವರೆಗಿನ 141 ಮೈಲಿನ ದಾಖಲೆಯನ್ನು ಮುರಿದಾಗಿನಿಂದ ಈ ಅರ್ಧ ಮುಳುಗಿದ ಚಕ್ರದ ಉಪಾಯವನ್ನೇ ಎಲ್ಲರೂ ಹಿಡಿದರು. ಹೆಸರು ನೋಡಿದರೆ 'ಮಂದಗತಿ' ಎಂದರ್ಥ! ಅಮೇರಿಕೆಯವರ ವಿನೋದ.

ಆ ಚಕ್ರವು ಹಿಂದಕ್ಕೆ ಎತ್ತಿ ಎಸೆಯುವ ನೀರು ಕಮಾನಿನಂತೆ ಬಹಳ ಎತ್ತರಕ್ಕೆ ಏರುವದು. ಅವರು ಅದನ್ನು ಹುಂಜದ ಬಾಲವೆಂದು ಕರೆಯುತ್ತಾರೆ. ಅದನ್ನು ಕಂಡೊಡನೆ ಮೊಮ್ಮಗನು, "ಕಂಬಳ ಇದ್ಧಂಗ ಅದ ಅಜ್ಜಾ" ಎಂದನು. 2022ರ ಕಾಂತಾರ ಚಿತ್ರವನ್ನು ಅವನು ಎಷ್ಟು ಸಲ ನೋಡಿರುವನೋ ಲೆಕ್ಕವಿಲ್ಲ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ತುಳುನಾಡಿನ ಕಂಬಳದಲ್ಲಿ ಕನೆಹಲಗೆಯೆಂಬ ಒಂದು ಬಗೆಯಿರುವದು. ಕೋಣಗಳು ಎಳೆಯುವ ಸಣ್ಣ ಹಲಗೆಯ ಮೇಲೆ ಓಡಿಸುವವನು ಕಾಲೂರಿ ನಿಂತಿರಲು, ಹಲಗೆಯ ತೂತುಗಳಿಂದ ಕೆಸರುನೀರು ಮೇಲಕ್ಕೆ ಚಿಮ್ಮಿ, ಆರೂವರೆ ಕೋಲು ಅಥವಾ ಏಳೂವರೆ ಕೋಲಿನ ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಯನ್ನು ತೋಯಿಸಬೇಕು. ಅಲ್ಲಿ ನೀರಿನ ಎತ್ತರಕ್ಕೇ ಬಹುಮಾನ. ಇಲ್ಲಿಯಾದರೋ ಅದು ಓಟದ ಉಪಫಲ ಮಾತ್ರ, ಮೇಲಾಗಿ ಹಿಂದೆ ಬರುವವನಿಗೆ ಪ್ರಾಣಭಯ. ಟನ್ನುಗಟ್ಟಲೆ ನೀರು ಎತ್ತರದಿಂದ ಯಂತ್ರದ ಮೇಲೆಯೂ ಚಾಲಕನ ಮೇಲೆಯೂ ಬೀಳುವದು. ಆಗಿನ ದೋಣಿಗಳಿಗೆ ತಲೆಯ ಮೇಲೆ ಮುಚ್ಚಿಗೆ ಸಹ ಇರಲಿಲ್ಲ. ಮೂತಿಯು ಒಂದಿಷ್ಟು ಹೆಚ್ಚು ಎತ್ತಿದರೆ ಅಡಿಯಲ್ಲಿ ಗಾಳಿ ಹೊಕ್ಕು ದೋಣಿಯು ಮಗುಚುವದು. 1966ರ ಜೂನ್ 19ರಂದು ವಾಶಿಂಗ್ಟನ್ನಿನ ಪೊಟೊಮ್ಯಾಕ್ ನದಿಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಮೂವರು ಹೆಸರಾಂತ ಚಾಲಕರು ತೀರಿಕೊಂಡರು: ರಾನ್ ಮಸನ್, ರೆಕ್ಸ್ ಮ್ಯಾಂಚೆಸ್ಟರ್, ಡಾನ್ ವಿಲ್ಸನ್. ಎರಡು ವಾರಗಳೊಳಗೆ ಡೆಟ್ರಾಯಿಟಿನಲ್ಲಿ ಚಕ್ ಥಾಮ್ಸನ್ ಎಂಬವನೂ ಹೋದನು.

ಇನ್ನು ಮ್ಯಾಡಿಸನ್ನಿನ ದೋಣಿಯ ಮಾತು. ಹದಿಮೂರು ಸಾವಿರ ಜನವಸತಿಯ ಊರದು. ನಮ್ಮ ಅಫಜಲಪುರಕ್ಕಿಂತಲೂ ಚಿಕ್ಕದು. 1960ರ ಸುಮಾರಿಗೆ ಸ್ಯಾಮ್ಯುಯೆಲ್ ಡ್ಯೂಪಾಂಟ್ ಎಂಬ ಉದ್ಯಮಿಯು ತನ್ನ ದೋಣಿಯೊಂದನ್ನು ಊರಿಗೆ ಕೊಟ್ಟುಬಿಟ್ಟನು. ಊರವರು ಅದಕ್ಕೆ 'ಮಿಸ್ ಮ್ಯಾಡಿಸನ್' ಎಂದು ಹೆಸರಿಟ್ಟರು. ಕೆಲವು ವರ್ಷಗಳಲ್ಲಿ ಅದು ಒಡೆದುಹೋಗಲು, ಅದೇ ಧನಿಕನ ಇನ್ನೊಂದು ದೋಣಿಯನ್ನು ತಂದು ಅದೇ ಹೆಸರಿನಿಂದ ಓಡಿಸತೊಡಗಿದರು. ಇದರಲ್ಲಿ ನನ್ನ ಮನಸ್ಸನ್ನು ಹಿಡಿದ ವಿಷಯವೆಂದರೆ ಒಡೆತನದ್ದು. ಉಳಿದ ದೋಣಿಗಳಿಗೆ ಮದ್ಯದ ಕಂಪನಿಯೋ ಸಾಗಾಟದ ಕಂಪನಿಯೋ ಲಕ್ಷಾಧೀಶನೋ ಒಡೆಯ. ಇದಕ್ಕೆ ಊರೇ ಒಡೆಯ. ನಮ್ಮಲ್ಲಿ ತೇರು ಯಾರದೆಂದು ಕೇಳಿದರೆ ಏನೆನ್ನುವೆವು? ಊರದೆನ್ನುವೆವು, ಹಗ್ಗಕ್ಕೆ ಕೈಹಚ್ಚಿದವರೆಲ್ಲರದೆನ್ನುವೆವು. ಹಾಗೆಯೇ ಅದು. ಅದರ ಯಂತ್ರವನ್ನು ನೋಡಿಕೊಳ್ಳುವವರು ಹಗಲೆಲ್ಲ ಬೇರೆ ಉದ್ಯೋಗ ಮಾಡಿ ಸಂಜೆಗೆ ಬಂದು ಕೈಗೆ ಎಣ್ಣೆಮಸಿ ಹಚ್ಚಿಕೊಳ್ಳುವವರು. ಟೋನಿ ಸ್ಟೈನ್‌ಹಾರ್ಟ್ ಎಂಬವನು ಅವರ ಮುಖ್ಯಸ್ಥನು. ಯಂತ್ರವಾದರೂ ಹೊಸದಲ್ಲ, ಎರಡನೆಯ ಮಹಾಯುದ್ಧದ ವಿಮಾನಗಳಿಗೆಂದು ತಯಾರಾಗಿ, ಯುದ್ಧ ತೀರಿದ ಮೇಲೆ ಮಿಕ್ಕು ಅಗ್ಗವಾಗಿ ಸಿಕ್ಕ ಹನ್ನೆರಡು ಸಿಲಿಂಡರಿನ ಆಲಿಸನ್ ಯಂತ್ರ. ಹಣವಿದ್ದವರು ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಯಂತ್ರವನ್ನು ಹಾಕಿಕೊಳ್ಳುತ್ತಿದ್ದರು.

1971ರ ಹೊತ್ತಿಗೆ ಪಂದ್ಯಕ್ಕಿಳಿಯುವ ದೋಣಿಗಳಲ್ಲೆಲ್ಲ ಇದೇ ಮುದುಕಿ. ಗೆದ್ದು ಆರು ವರ್ಷಗಳಾಗಿದ್ದವು. ಆ ವರ್ಷ 1904ರಿಂದ ನಡೆದುಬಂದ ಗೋಲ್ಡ್ ಕಪ್ ಪಂದ್ಯವು ಈ ಸಣ್ಣ ಊರಿಗೇ ಬಂದಿತು. ಅದು ಬಂದ ಬಗೆಯೂ ವಿನೋದದ್ದೇ. ಪಂದ್ಯವನ್ನು ತಮ್ಮಲ್ಲಿ ನಡೆಸುತ್ತೇವೆಂದು ಹಣ ಕಟ್ಟಿ ಅರ್ಜಿ ಹಾಕಬೇಕಾಗಿದ್ದ ದೊಡ್ಡ ನಗರಗಳು ಗಡುವನ್ನು ತಪ್ಪಿಸಿಕೊಂಡವು. ಸಮಯಕ್ಕೆ ಮುಟ್ಟಿದ್ದು ಮ್ಯಾಡಿಸನ್ನಿನ ಅರ್ಜಿಯೊಂದೇ! ಜುಲೈ 4, ಅವರ ಸ್ವಾತಂತ್ರ್ಯದ ದಿನ. ದಂಡೆಯ ಮೇಲೆ ಲಕ್ಷದಷ್ಟು ಜನ. ಕೊನೆಯ ಓಟದಲ್ಲಿ ಜಿಮ್ ಮೆಕ್‌ಕಾರ್ಮಿಕ್ ಎಂಬ ಚಾಲಕನು ಮುದಿದೋಣಿಯನ್ನು ಮುನ್ನುಗ್ಗಿಸಿ, ಟೆರಿ ಸ್ಟೆರೆಟ್ ನಡೆಸುತ್ತಿದ್ದ 'ಅಟ್ಲಾಸ್ ವ್ಯಾನ್ ಲೈನ್ಸ್' ದೋಣಿಯನ್ನು ಹಿಂದೆ ಹಾಕಿ ಗೆದ್ದನು. ಗೆದ್ದದ್ದು ಅದೃಷ್ಟದಿಂದಲೆಂದು ಆಡಿಕೊಂಡವರಿಗೂ ಉತ್ತರ ದೊರೆಯಿತು: ಕೆಲವೇ ವಾರಗಳಲ್ಲಿ ವಾಶಿಂಗ್ಟನ್ ಸಂಸ್ಥಾನದ ಇನ್ನೊಂದು ಪಂದ್ಯವನ್ನೂ ಅದೇ ದೋಣಿಯು ಗೆದ್ದಿತು. ಮರುವರ್ಷ ಆ ಹೆಸರಿನಿಂದ ಹೊಸ ದೋಣಿ ಬಂದಿತು.

ಚಿತ್ರದಲ್ಲಿ ಇದೆಲ್ಲ ಇರುವದು. ಆದರೆ ಇದ್ದಂತೆ ಇಲ್ಲ. ಚಿತ್ರದ ಮೆಕ್‌ಕಾರ್ಮಿಕನು ಮ್ಯಾಡಿಸನ್ನಿನ ಮನೆಮಗನು. ಊರು ಕುಂದುತ್ತಿರುವದನ್ನು ಕಂಡು ಹೆಂಡತಿಯು ಊರು ಬಿಡೋಣವೆನ್ನುವಳು, ಸಣ್ಣ ಮಗನು ಬೇಡವೆನ್ನುವನು, ಇವನು ಊರಿನ ಮಾನಕ್ಕಾಗಿ ದೋಣಿಯೇರುವನು. ಜಿಮ್ ಕವೀಜೆಲ್ ಎಂಬ ನಟನು ಈ ಪಾತ್ರವನ್ನು ಚೆನ್ನಾಗಿಯೇ ನಿರ್ವಹಿಸಿದ್ದಾನೆ. ಕೊನೆಯ ಓಟದಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಅನಂತರ ಮೊಮ್ಮಗನು ನಿಜವಾದ ಇತಿಹಾಸವನ್ನು ಹುಡುಕಿ ಓದತೊಡಗಿದನು. ನಿಜವಾದ ಮೆಕ್‌ಕಾರ್ಮಿಕನು ಮ್ಯಾಡಿಸನ್ನಿನವನೇ ಅಲ್ಲ. ಅದೇ ಓಹಾಯೋ ನದಿಯ ಕೆಳಹರಿವಿನಲ್ಲಿ, ಆಚೆ ದಂಡೆಯ ಮೇಲೆ, ಕೆಂಟಕಿ ಎಂಬ ಬೇರೊಂದು ಸಂಸ್ಥಾನದ ಓವೆನ್ಸ್‌ಬೊರೋ ಊರಿನವನು. ಕೊನೆಗೆ ಅವನೊಡನೆ ಸೆಣಸಿದ ಸ್ಟೆರೆಟ್ಟನೂ ಅದೇ ಓವೆನ್ಸ್‌ಬೊರೋದವನು! ಎಂದರೆ ಮ್ಯಾಡಿಸನ್ನಿನ ಮಾನದ ಓಟದಲ್ಲಿ ಆಚೆ ದಂಡೆಯ ಒಂದೇ ಊರಿನ ಇಬ್ಬರು ಎದುರುಬದುರಾಗಿದ್ದರು.

"ಹಂಗಾದರ ಸಿನೇಮಾ ಸುಳ್ಳು" ಎಂದು ಮೊಮ್ಮಗನು ತೀರ್ಪು ಕೊಟ್ಟನು. ನಾನು ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಓದಿದವನು, ಸುಮ್ಮನಿರಲಾಗಲಿಲ್ಲ. ಮಹಾಭಾರತದ ಶಕುಂತಲೆಯ ಕಥೆಯಲ್ಲಿ ದುರ್ವಾಸನ ಶಾಪವಿಲ್ಲ. ಅಲ್ಲಿಯ ದುಷ್ಯಂತನು ಎಲ್ಲವನ್ನೂ ನೆನಪಿನಲ್ಲಿಟ್ಟುಕೊಂಡೇ ಅವಳನ್ನು ಅರಿಯೆನೆಂದನು. ಕಾಳಿದಾಸನು ಶಾಪವನ್ನು ತಂದಿಟ್ಟದ್ದರಿಂದಲೇ ನಾಯಕನು ನಾಯಕನಾಗಿ ಉಳಿದನು. ಬರಿಯ ವೃತ್ತಾಂತವನ್ನು ಒಪ್ಪಿಸುವದು ಕವಿಯ ಕೆಲಸವಲ್ಲ, ಅದಕ್ಕೆ ಇತಿಹಾಸವಿದ್ದೇ ಇದೆ, ರಸಕ್ಕೆ ಒಗ್ಗದುದನ್ನು ಬಿಟ್ಟು ಒಗ್ಗುವದನ್ನು ಕಲ್ಪಿಸಬಹುದೆಂದು ಧ್ವನ್ಯಾಲೋಕದಲ್ಲಿ ಆನಂದವರ್ಧನನು ಅನುಜ್ಞೆಯನ್ನೇ ಕೊಟ್ಟಿರುವನು. ಇದನ್ನೆಲ್ಲ ಹುಡುಗನಿಗೆ ವಿಸ್ತಾರವಾಗಿ ಹೇಳಿದೆನು. ಅವನು ಕೇಳಿಕೊಂಡು, "ಶಾಪ ಹಾಕಿಸಿದ್ದು ಕಾಳಿದಾಸ ಖರೆ. ಆದರ ಅದರಿಂದ ಲಾಭ ಯಾರಿಗಾತು ಅಜ್ಜಾ? ಶಕುಂತಲಾಗ ಏನು ಬಂತು?" ಎಂದನು. ಹನ್ನೆರಡು ವರ್ಷದ ಹುಡುಗನು ಕೇಳಿದ ಪ್ರಶ್ನೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ನಿದ್ದೆ ಹತ್ತದಿದ್ದುದಕ್ಕೆ ಕಾರಣವು ಓಹಾಯೋ ನದಿಯಲ್ಲಿರಲಿಲ್ಲ. ಈಗ ನಮ್ಮ ಅಫಜಲಪುರದಿಂದ ಆಲಮೇಲದ ಕಡೆಗೆ ಹೋಗುವವರು ಮೋಟಾರಿನಲ್ಲಿ ಕುಳಿತು ಒಂದೆರಡು ನಿಮಿಷಗಳಲ್ಲಿ ಭೀಮೆಯ ಸೇತುವೆಯನ್ನು ದಾಟಿಬಿಡುವರು. ಜಿಲ್ಲೆ ಬದಲಾಯಿತೆಂಬುದು ಸಹ ಲಕ್ಷ್ಯಕ್ಕೆ ಬಾರದು. 1948ರ ಸಪ್ಟೆಂಬರದ ವರೆಗೆ ಹಾಗಿರಲಿಲ್ಲ. ಈಚೆ ದಂಡೆಯು ನಿಜಾಮನ ಹೈದರಾಬಾದು ಸಂಸ್ಥಾನ, ಆಚೆ ದಂಡೆಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆ. ಈಚೆಗೆ ಹಾಲಿ ಸಿಕ್ಕಾ, ಆಚೆಗೆ ಕಲ್ದಾರ ರೂಪಾಯಿ. ದಾಟಿ ತಂದ ಸರಕಿಗೆ ಕರೋಡಗಿರಿಯವರಿಗೆ ಸುಂಕ ತೆರಬೇಕು. ಮಾತು ಒಂದೇ, ದೇವರು ಒಂದೇ, ಬೀಗತನವೂ ಇತ್ತು. ಆದರೂ ಆಚೆ ದಂಡೆಯವನು ಆಚೆ ದಂಡೆಯವನೇ.

ಆ ಕಾಲದ ಒಂದು ಮಳೆಗಾಲದಲ್ಲಿ ನಮ್ಮ ಊರಿನ ಹನ್ನೊಂದು ಜನರು ಹೊಳೆಯ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದರು. ಕುರಿ ಮೇಯಿಸಲು ಹೋದವರು, ಬುತ್ತಿ ಕೊಡಲು ಹೋದ ಹೆಂಗಸರು, ಎರಡು ಕೂಸುಗಳು. ಮಧ್ಯಾಹ್ನಕ್ಕೆ ಮೊಣಕಾಲುದ್ದವಿದ್ದ ನೀರು ಹೊತ್ತು ಮುಳುಗುವಷ್ಟರಲ್ಲಿ ಆಳುದ್ದವಾಯಿತು. ಒಬ್ಬ ಅಂಬಿಗನು ಹರಗೋಲು ಹಾಕಿದನು. ಬಿದಿರಿನ ಬುಟ್ಟಿಗೆ ಎಮ್ಮೆಯ ತೊಗಲು ಬಿಗಿದ ಹರಗೋಲದು, ಹುಟ್ಟೊಂದೇ ಆಧಾರ, ಮಡುವಿನಲ್ಲಿ ಬುಗುರಿಯಂತೆ ತಿರುಗುವದು. ಮೂರು ಸಲ ಹೋಗಿ ಹನ್ನೊಂದು ಜನರನ್ನೂ ದಂಡೆಗೆ ಮುಟ್ಟಿಸಿದನು. ಕುರಿಗಳಿಗೆಂದು ನಾಲ್ಕನೆಯ ಸಲ ಹೋದಾಗ ತೇಲಿಬಂದ ಮರದ ಬೊಡ್ಡೆ ತಗುಲಿ ತೊಗಲು ಹರಿದು ಹರಗೋಲು ಮುಳುಗಿತು. ಅವನು ಈಸಿ ಬದುಕಿದನು. ಇದನ್ನು ದಂಡೆಯ ಮೇಲೆ ನಿಂತು ಕಣ್ಣಾರೆ ಕಂಡ ನನ್ನ ತಂದೆಯವರು ನನಗೆ ಹೇಳಿದ್ದರು. ಅವರು ಹೇಳುವಾಗ 'ಒಬ್ಬ ಅಂಬಿಗ' ಎಂದಷ್ಟೇ ಹೇಳುತ್ತಿದ್ದರು.

ನಾನು ಮಾಸ್ತರನಾದ ಮೇಲೆ ಇದನ್ನು ವರ್ಷ ವರ್ಷವೂ ಮಕ್ಕಳಿಗೆ ಹೇಳಿದೆನು. ಹೇಳುತ್ತ ಹೇಳುತ್ತ 'ಒಬ್ಬ ಅಂಬಿಗ' ಹೋಗಿ 'ನಮ್ಮೂರಿನ ಅಂಬಿಗ' ಬಂದನು. ಯಾವ ವರ್ಷ ಬಂದನೆಂಬುದು ನನಗೇ ತಿಳಿಯದು. ಮಕ್ಕಳ ಮುಖವು ಅರಳುತ್ತಿತ್ತು, ಅದೇ ನನಗೆ ಪ್ರಮಾಣವಾಯಿತು. ಊರಿನ ಅಭಿಮಾನಕ್ಕಾಗಿ ಅವನು ಪ್ರಾಣವನ್ನು ಲೆಕ್ಕಿಸಲಿಲ್ಲವೆಂದು ಒಂದು ಮಾತನ್ನೂ ಸೇರಿಸಿದೆನು. 2006ರಲ್ಲಿ ನಾನಿದ್ದ ಶಾಲೆಯವರು ಒಂದು ಸ್ಮರಣ ಸಂಚಿಕೆಯನ್ನು ಹೊರಡಿಸಲು, ಹಾಗೆಯೇ ಬರೆದು ಅಚ್ಚಿಗೆ ಕೊಟ್ಟೆನು. ಬಹಳ ಜನರು ಹೊಗಳಿದರು.

ಮರುವರ್ಷ ಬೇಸಗೆಯಲ್ಲಿ ನಡುವಯಸ್ಸಿನ ಒಬ್ಬನು ಮನೆಗೆ ಬಂದನು. ಚಹಾ ಕೊಟ್ಟರೂ ಲೋಟವನ್ನು ಕೈಯಲ್ಲಿ ಹಿಡಿದೇ ಕುಳಿತಿದ್ದನು.

"ಮಾಸ್ತರ್ರ, ನೀವು ಬರದದ್ದು ನನ್ನ ಮಗಳು ಓದಿ ಹೇಳಿದ್ಲ್ರಿ. ಆ ಅಂಬಿಗ ನಮ್ಮ ಮುತ್ಯಾರಿ. ಆದ್ರ ಅಂವ ನಿಮ್ಮೂರಾಂವ ಅಲ್ಲ, ಆಚಿ ದಂಡಿಯಾಂವ."

ನಾನು, ಯಾವ ದಂಡೆಯವನಾದರೇನು, ಕೀರ್ತಿಯು ಅವನದೇ ಅಲ್ಲವೆ ಎಂಬರ್ಥದ ಮಾತನ್ನಾಡಿದೆನು. ಅವನು ಸಿಟ್ಟಿಗೇಳಲಿಲ್ಲ.

"ಹರಗೋಲ ಹೋದ ಮ್ಯಾಲ ನಿಮ್ಮೂರ ಹಿರೇರು, ಹೊಸಾದು ಮಾಡಿಸಿ ಕೊಡ್ತೀವಿ ಅಂದಿದ್ರಂತ್ರಿ. ಎರಡು ವರ್ಷ ಹಾದಿ ನೋಡಿದ. ಕೊಡಲಿಲ್ಲ. ಆಮ್ಯಾಲ ಕೂಲಿ ಮಾಡ್ಕೋತ ಹ್ವಾದ. ಈಗ ನೀವು ಅಂವನ್ನ ನಿಮ್ಮಾಂವ ಅಂತ ಮಾಡ್ಕೊಂಡ್ರಿ. ಮನೀ ಮನುಷ್ಯಾಗ ಯಾರು ರೊಕ್ಕಾ ಕೊಡ್ತಾರ್ರಿ?"

ಚಹಾ ಕುಡಿದು, ಕೈಮುಗಿದು ಹೋದನು. ನಾನು ಏನನ್ನೂ ಮಾಡಲಿಲ್ಲ. ಸಂಚಿಕೆಯು ಅಚ್ಚಾಗಿ ಹಂಚಿಹೋಗಿತ್ತು. ಈಗ ತಿದ್ದುವದೆಂತೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆನು. ಅದಕ್ಕಿಂತ ಸತ್ಯವಾದ ಮಾತೆಂದರೆ, ಕಥೆಯನ್ನು ಮುರಿಯುವದು ನನಗೆ ಬೇಡವಾಗಿತ್ತು. ಅದು ಮುರಿಯುತ್ತಿರಲಿಲ್ಲವೆಂಬುದು ಈಗ ತಿಳಿಯುತ್ತದೆ. ತನ್ನ ಊರಿನವರಿಗಾಗಿ ಹೊಳೆಗಿಳಿಯುವವನು ದೊಡ್ಡವನೇ ಸರಿ. ಬೇರೊಂದು ರಾಜ್ಯದ, ತನಗೆ ಸಂಬಂಧಪಡದ ಹನ್ನೊಂದು ಜನರಿಗಾಗಿ, ಬಳಿಕ ಅವರ ಕುರಿಗಳಿಗಾಗಿ, ತನ್ನ ಅನ್ನದ ಹರಗೋಲನ್ನು ಹಾಕಿದವನನ್ನು ನಾನು ಚಿಕ್ಕವನನ್ನಾಗಿ ಮಾಡಿದ್ದೆನು. ಮ್ಯಾಡಿಸನ್ನಿನ ಚಿತ್ರದವರು ಮಾಡಿದ್ದೂ ಇದನ್ನೇ. ಸಂಬಂಧವಿಲ್ಲದ ಊರಿನ ಮುದಿದೋಣಿಯಲ್ಲಿ ಕುಳಿತು, ತನ್ನೂರಿನವನನ್ನೇ ಎದುರಿಟ್ಟುಕೊಂಡು, ಜೀವ ಪಣಕ್ಕಿಟ್ಟು ಓಡಿಸಿದವನ ಕಥೆಯು ಮನೆಮಗನ ಕಥೆಗಿಂತ ನನಗೆ ರುಚಿಸುತ್ತಿತ್ತು. ಕಾಳಿದಾಸನಿಗೆ ದುಷ್ಯಂತನ ಋಣವೇನೂ ಇರಲಿಲ್ಲ. ನಮ್ಮ ಊರಿಗೆ ಅಂಬಿಗನ ಋಣವಿತ್ತು.

ಇನ್ನೊಂದು ಮಾತು ಬಿಟ್ಟುಹೋಯಿತು. ಚಿತ್ರವು 2001ರಲ್ಲಿ ಮೊದಲು ತೋರಿಸಲ್ಪಟ್ಟು ನಾಲ್ಕು ವರ್ಷ ಬಿಡುಗಡೆಯಿಲ್ಲದೆ ಬಿದ್ದಿತ್ತೆಂದೆನಷ್ಟೆ. ಅದೇ 2001ರ ಜುಲೈಯಲ್ಲಿ ಊರಿನವರ ನಿಜವಾದ ದೋಣಿಯು, ಹುಟ್ಟೂರಿನ ನೀರಿನಲ್ಲಿಯೇ, ಮೂವತ್ತು ವರ್ಷಗಳ ನಂತರ ಇನ್ನೊಮ್ಮೆ ಗೆದ್ದಿತು. ಚಿತ್ರದ ಪೆಟ್ಟಿಗೆ ಮುಚ್ಚಿದ್ದರೂ ಹೊಳೆಯು ಓಡುತ್ತಲೇ ಇತ್ತು.

ಕಳೆದ ತಿಂಗಳು ಮೊಮ್ಮಗನನ್ನು ಕರೆದುಕೊಂಡು ಸೇತುವೆ ದಾಟಿ ಆಚೆಗೆ ಹೋದೆನು. ವಿಚಾರಿಸುತ್ತ ಹೋಗಲು ಅವನ ಮನೆ ಸಿಕ್ಕಿತು. ಈಗ ಅವನಿಗೂ ತಲೆ ನರೆತಿದೆ. ಕಬ್ಬು ಕಡಿಯುವ ಕೆಲಸಕ್ಕೆ ಹೋಗುತ್ತಿದ್ದವನು ಬೆನ್ನುನೋವಿನಿಂದ ಬಿಟ್ಟಿದ್ದಾನೆ. ಹರಗೋಲಿನ ಬೆಲೆಯೆಂದು ನನ್ನ ನಿವೃತ್ತಿವೇತನದಿಂದ ತೆಗೆದಿಟ್ಟುಕೊಂಡು ಹೋಗಿದ್ದ ಹಣವನ್ನು ಅವನ ಮುಂದಿಟ್ಟೆನು. ಬಹಳ ಹೊತ್ತು ಅದನ್ನೇ ನೋಡಿ, "ಇದು ನಿಮ್ಮ ಸಾಲ ಅಲ್ರಿ ಮಾಸ್ತರ್ರ, ಊರ ಸಾಲ" ಎಂದು ತಿರುಗಿ ನನ್ನ ಕೈಯಲ್ಲೇ ಇಟ್ಟನು. "ನಿಮ್ಮ ಸಾಲ ಅಂದ್ರ ಬರದದ್ದು. ಅದನ್ನ ತಿದ್ರಿ."

ಆ ಸ್ಮರಣ ಸಂಚಿಕೆಯ ಪ್ರತಿಗಳು ಈ ತಾಲೂಕಿನ ಹಲವು ಮನೆಗಳಲ್ಲಿ ಇರುವವೆಂದು ಬಲ್ಲೆನು. ಈ ಪತ್ರಿಕೆಯನ್ನು ತರಿಸುವ ಮನೆಗಳಲ್ಲಿಯಂತೂ ಇರಲೇಬೇಕು. ಇದ್ದವರು ದಯಮಾಡಿ ಅದನ್ನು ತೆಗೆದು, 23ನೆಯ ಪುಟದಲ್ಲಿ, ಕೆಳಗಿನಿಂದ ಆರನೆಯ ಸಾಲಿನಲ್ಲಿ 'ನಮ್ಮೂರಿನ ಅಂಬಿಗನು' ಎಂದಿರುವಲ್ಲಿ 'ಆಚೆ ದಂಡೆಯ ಅಂಬಿಗನು' ಎಂದು ಮಸಿಯಿಂದ ತಿದ್ದಿಕೊಳ್ಳಬೇಕು. ಮರುಪುಟದ ಕೊನೆಯ ವಾಕ್ಯವನ್ನು ಹೊಡೆದುಹಾಕಿ, ಅಲ್ಲಿ 'ಅವನ ಹರಗೋಲನ್ನು ಊರವರು ಮಾಡಿಸಿಕೊಡಲಿಲ್ಲ' ಎಂದು ಬರೆದುಕೊಳ್ಳಬೇಕು.